ಪಾರ್ಕಿನ ಕಲ್ಲು ದಾರಿ ಕೀಳ್ಬೇಡಿ, ನೋಡ್ಕೊಳ್ಳೋರನ್ನ ಇಡಿ

ಮಾನ್ಯ ಸಂಪಾದಕರೇ,

ಮೈಸೂರಿನ ನಮ್ಮ ಬಡಾವಣೆ ಪಾರ್ಕು ಇಳಿಜಾರಲ್ಲಿದೆ. ಮೇಲಿನ ಗೇಟಿಂದ ಕೆಳಗೆ ಮಕ್ಕಳು ಆಡೋ ಜಾಗದವರೆಗೂ ಹಳೇ ಕಾಲದ ಚಪ್ಪಡಿ ಕಲ್ಲಿನ ದಾರಿ, ನಡುನಡುವೆ ಮೆಟ್ಟಿಲು. ಹಿಂದಿನ ಸಲ ರಿಪೇರಿ ಅಂತ ಬಂದೋರು ಸಂದಿಗೆಲ್ಲ ಸಿಮೆಂಟ್ ಮೆತ್ತಿ ಹೋದ್ರು, ಒಂದೇ ಮಳೆಗಾಲಕ್ಕೆ ಅದು ಬಿರುಕು ಬಿಟ್ಟು ಹಪ್ಪಳದ ಥರ ಎದ್ದು ಬಂತು, ಈಗ ನೋಡಿದ್ರೆ ಕಲ್ಲನ್ನೇ ಪೂರ್ತಿ ಕಿತ್ತು ಇಂಟರ್‌ಲಾಕ್ ಟೈಲ್ಸ್ ಹಾಕ್ತಾರಂತೆ, ಎಸ್ಟಿಮೇಟ್ ರೆಡಿ ಆಗ್ತಿದೆಯಂತೆ. ದಯವಿಟ್ಟು ಅದು ಬೇಡ. ಆ ಕಲ್ಲಿಗೆ ಏನೂ ಆಗಿಲ್ಲ, ಹಾಳಾಗಿರೋದು ಅದರ ಅಡಿಯ ಮಣ್ಣು, ಹಾಳು ಮಾಡಿರೋದು ನೀರು.

ನಮ್ಮೂರಲ್ಲಿ ಮೇ ತಿಂಗಳ ಭರಣಿ, ಕೃತ್ತಿಕೆ ಮಳೆ, ಆಮೇಲೆ ಅಕ್ಟೋಬರ್‌ನಲ್ಲಿ ಹಸ್ತ, ಚಿತ್ತಾ, ಈ ಎರಡು ಹೊತ್ತಲ್ಲೇ ಮಳೆ ಧೋ ಅಂತ ಸುರಿಯೋದು. ಸಂದಿಗೆ ಸಿಮೆಂಟ್ ತುಂಬಿದ್ರೆ ಮೇಲಿಂದ ಬಂದ ನೀರು ಇಂಗೋಕೆ ಜಾಗ ಇಲ್ಲ, ಪಕ್ಕದಿಂದ ಕಲ್ಲಿನ ಅಡಿಗೆ ನುಗ್ಗಿ ಮಣ್ಣನ್ನ ಹೊತ್ಕೊಂಡು ಹೋಗತ್ತೆ, ಮೇಲಿಂದ ನೋಡೋರಿಗೆ ಎಲ್ಲ ನೆಟ್ಟಗಿದೆ ಅನ್ಸತ್ತೆ, ಒಳಗೆ ಟೊಳ್ಳು. ಒಂದು ದಿನ ಯಾರೋ ಕಾಲಿಟ್ಟಾಗ ಕಲ್ಲು ಗಡಗಡ ಅಲ್ಲಾಡತ್ತೆ. 2021ರ ಅಕ್ಟೋಬರ್ ಮಳೆಗೆ ಚಾಮುಂಡಿ ಬೆಟ್ಟದ ನಂದಿ ರಸ್ತೆನೇ ಕುಸಿದಿದ್ದು ಎಲ್ಲರಿಗೂ ನೆನಪಿರತ್ತೆ. ಡಾಂಬರ್ ರಸ್ತೆ ಗತಿನೇ ಹಂಗಾದ್ರೆ ಪಾರ್ಕಿನ ಟೈಲ್ಸ್ ಎಷ್ಟು ದಿನ ನಿಂತೀತು? ಅಡಿಯ ಮಣ್ಣು ಸರಿ ಮಾಡ್ದೆ ಮೇಲೆ ಏನು ಹಾಕಿದ್ರೂ ಅಷ್ಟೇ.

ಅದೇ ಬೆಟ್ಟದ ಮೆಟ್ಟಿಲು ನೋಡಿ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದ್ದು, ಸಾವಿರ ಮೆಟ್ಟಿಲು. ಆಷಾಢ ಶುಕ್ರವಾರ ಅಷ್ಟೊಂದು ಜನ ಹತ್ತುತಾರೆ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಹೋಗ್ತಾರೆ. ನಡುನಡುವೆ ರಿಪೇರಿ ಆಗಿದೆ ನಿಜ, ಆದ್ರೂ ಮುನ್ನೂರೈವತ್ತು ವರ್ಷ ದಾಟಿದ ದಾರಿಯಲ್ಲಿ ಇವತ್ತಿಗೂ ವಯಸ್ಸಾದವರು ಹತ್ತಿ ಇಳೀತಿದ್ದಾರೆ. ನಮ್ಮ ಪಾರ್ಕಿಗೆ ಬಂದ ಟೈಲ್ಸಿನ ಸ್ಯಾಂಪಲ್ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಕಲ್ಲು ಕೂರ್ಸೋದು ದೊಡ್ಡ ಕಸುಬು, ಅದನ್ನ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಎಸ್ಟಿಮೇಟ್ ಬರೆಯೋರು ಇದನ್ನೇ ಬಿಟ್ಟುಬಿಡ್ತಾರೆ. ಮೆಟ್ಟಿಲು ಕಟ್ಟೋದು ಯಾವಾಗ್ಲೂ ಕೆಳಗಿಂದ ಮೇಲಕ್ಕೆ. ಎಲ್ಲಕ್ಕಿಂತ ಕೆಳಗಿನ ಕಲ್ಲು ಎಲ್ಲಕ್ಕಿಂತ ಭಾರದ್ದಾಗಿರಬೇಕು, ಅದನ್ನ ಗಟ್ಟಿ ನೆಲ ಸಿಗೋವರೆಗೂ ಅಗೆದು ಹೂಳ್ಬೇಕು, ಮೇಲಿನದೆಲ್ಲ ಅದರ ಮೇಲೇ ಭಾರ ಹಾಕೋದು. ಆಮೇಲಿನ ಪ್ರತಿ ಕಲ್ಲೂ ಕೆಳಗಿನ ಕಲ್ಲಿನ ಹಿಂಭಾಗವನ್ನ ಎರಡು ಮೂರು ಇಂಚಾದ್ರೂ ತುಳ್ಕೊಂಡು ಕೂತಿರಬೇಕು. ಕಣ್ಣಿಗೆ ಕಾಣೋದು ಸ್ವಲ್ಪ, ಮಣ್ಣೊಳಗೆ ಇರೋದು ಜಾಸ್ತಿ. ಅಡಿಗೆ ಬರೀ ಕೆಮ್ಮಣ್ಣು ಹಾಕಿದ್ರೆ ನೀರು ಕುಡಿದು ಮೆತ್ತಗಾಗತ್ತೆ, ಜಲ್ಲಿ ಮತ್ತೆ ಒಡೆದ ಚಕ್ಕೆ ಹಾಕಿ ಹಾರೆಯಲ್ಲಿ ಇಡುಕಿ ಇಡುಕಿ ತುಂಬ್ಬೇಕು. ಕಲ್ಲಿನ ಮೇಲ್ಮುಖ ಮುಂದಕ್ಕೆ ಒಂಚೂರು, ಕಣ್ಣಿಗೆ ಗೊತ್ತಾಗದಷ್ಟು ವಾಲಿರಬೇಕು, ಇಲ್ದಿದ್ರೆ ನೀರು ನಿಂತು ಪಾಚಿ ಕಟ್ಟತ್ತೆ, ಜನ ಜಾರ್ತಾರೆ. ನಮ್ಮ ಪಾರ್ಕಲ್ಲಿ ಹಿಂದೆ ಕೆಲಸ ಮಾಡಿದ ಹಿರಿಯ ಕಲ್ಲು ಕೆಲಸದವರೊಬ್ಬರು ಒಂದೊಂದು ಕಲ್ಲು ಕೂರ್ಸಿದ ಮೇಲೂ ನಾಲ್ಕು ಮೂಲೆಯಲ್ಲೂ ನಿಂತು ಕುಣಿದು ನೋಡೋರು, ಎಲ್ಲಾದ್ರೂ ಟಕ್ ಅಂದ್ರೆ ಮತ್ತೆ ಎತ್ತೋರು. ಅವರು ಇಟ್ಟ ಆ ಸಾಲು ಮಾತ್ರ ಇವತ್ತೂ ಕದಲಿಲ್ಲ, ಅದರಲ್ಲಿ ಒಂದು ಹಿಡಿ ಸಿಮೆಂಟೂ ಇಲ್ಲ.

ಇನ್ನೊಂದು ವಿಷ್ಯ, ಮೆಟ್ಟಿಲ ಎತ್ತರ. ಆರೇಳು ಇಂಚು ಇದ್ರೆ ಜನ ಮೆಟ್ಟಿಲ ಮೇಲೇ ನಡೀತಾರೆ. ಹತ್ತು ಇಂಚು ಇಟ್ರೆ ಮಂಡಿ ನೋವಿರೋರು ಪಕ್ಕದ ಮಣ್ಣಲ್ಲಿ ಇಳೀತಾರೆ, ಅವರ ಹಿಂದೆ ಎಲ್ಲರೂ ಅಲ್ಲೇ, ಹುಲ್ಲು ಸಾಯತ್ತೆ, ಮೊದಲ ಮಳೆಗೆ ಅದೇ ಕೊರಕಲಾಗತ್ತೆ, ಆ ಕೊರಕಲು ಮೆಟ್ಟಿಲ ಬುಡಾನೇ ತಿನ್ನತ್ತೆ. ನಮ್ಮಲ್ಲಿ ಕೆಳಗಿನ ಗೇಟ್ ಹತ್ರ ಆಗಿರೋದು ಇದೇ. ನಡೆಯೋರನ್ನ ಬೈದು ಪ್ರಯೋಜನ ಇಲ್ಲ, ಮೆಟ್ಟಿಲು ತಗ್ಗಿಸಿ, ಪಕ್ಕದಲ್ಲಿ ದೊಡ್ಡ ಗುಂಡುಕಲ್ಲು ನಾಲ್ಕು ಹೂತಿಟ್ರೆ ಜನ ತಾವಾಗೇ ದಾರಿಗೆ ಬರ್ತಾರೆ.

ಇಳಿಜಾರಲ್ಲಿ ದಾರಿಗೆ ಅಡ್ಡಲಾಗಿ, ಓರೆಯಾಗಿ ಒಂದು ಸಾಲು ಕಲ್ಲು ಹೂತಿರ್ತಾರೆ, ಹರಿದು ಬಂದ ನೀರು ಅದಕ್ಕೆ ತಗುಲಿ ಪಕ್ಕದ ಚರಂಡಿಗೆ ಹೋಗ್ಲಿ ಅಂತ. ನಮ್ಮ ಪಾರ್ಕಲ್ಲೂ ಇದೆ, ಆದ್ರೆ ಅದರ ಹಿಂದೆ ಎಲೆ, ಮಣ್ಣು, ಚಿಪ್ಸ್ ಕವರ್ ಎಲ್ಲ ತುಂಬಿ ನೆಲದ ಮಟ್ಟಕ್ಕೆ ಬಂದಿದೆ, ನೀರು ಅದರ ಮೇಲೇ ಹಾರಿ ದಾರಿ ತುಂಬ ಹರೀತಿದೆ. ಒಬ್ಬರು ಸನಿಕೆ ತಗೊಂಡು ಅರ್ಧ ದಿನ ಕೆಲಸ ಮಾಡಿದ್ರೆ ಮುಗಿದೋಗೋ ವಿಚಾರ ಇದು. ಅರ್ಧ ದಿನದ ಕೂಲಿ ಉಳಿಸೋಕೆ ಹೋಗಿ ಲಕ್ಷಗಟ್ಟಲೆ ಟೆಂಡರ್ ಕರೆಯೋದು ಯಾವ ಲೆಕ್ಕ?

ಅಮೆರಿಕದ ಮೇನ್ ರಾಜ್ಯದಲ್ಲಿ ಅಕೇಡಿಯಾ ಅಂತ ನ್ಯಾಷನಲ್ ಪಾರ್ಕ್ ಇದೆ. ಅಲ್ಲಿ ಬೆಟ್ಟ ಹತ್ತೋ ಎಷ್ಟೋ ಕಲ್ಲು ಮೆಟ್ಟಿಲನ್ನ ನೂರು ವರ್ಷದ ಹಿಂದೆ ಊರಿನ ಸಂಘದವರೇ ಕಟ್ಟಿಸಿದ್ದು, ಆಮೇಲೆ ನೋಡೋರಿಲ್ಲದೆ ಬಹಳಷ್ಟು ಹಾಳಾಗಿತ್ತು. 1999ರಲ್ಲಿ ಪಾರ್ಕಿನವರೂ ‘ಫ್ರೆಂಡ್ಸ್ ಆಫ್ ಅಕೇಡಿಯಾ’ ಅನ್ನೋ ಅಲ್ಲಿನ ಸಂಘದವರೂ ಸೇರಿ 1.3 ಕೋಟಿ ಡಾಲರಿನ ಯೋಜನೆ ಮಾಡಿದ್ರು, ಅದರಲ್ಲಿ ಒಂದು ಪಾಲನ್ನ ಶಾಶ್ವತ ನಿಧಿ ಅಂತ ಇಟ್ರು, ಅದರಿಂದ ಬರೋ ದುಡ್ಡು ವರ್ಷ ವರ್ಷ ದಾರಿ ನೋಡ್ಕೊಳ್ಳೋಕೆ. ನಮಗೆ ಅಷ್ಟೊಂದು ದುಡ್ಡು ಬೇಡ. ಆದ್ರೆ ಕಟ್ಟೋ ದಿನಾನೇ ನೋಡ್ಕೊಳ್ಳೋ ಖರ್ಚನ್ನೂ ಎತ್ತಿಡೋ ಬುದ್ಧಿ ನಮಗೂ ಬೇಕಲ್ವಾ? ಇಲ್ಲಿ ಉದ್ಘಾಟನೆಗೆ ಶಾಮಿಯಾನ ಇರತ್ತೆ, ಫ್ಲೆಕ್ಸ್ ಇರತ್ತೆ, ಮಾರನೇ ವರ್ಷ ಚರಂಡಿ ಕೆರೆಯೋಕೆ ಒಬ್ಬ ಆಳಿರಲ್ಲ.

ನಾವು ಕೇಳೋದು ಇಷ್ಟೇ. ಹಳೇ ಕಲ್ಲು ಒಂದನ್ನೂ ಲಾರಿಗೆ ತುಂಬಬೇಡಿ. ಅಂಥ ಸೈಜುಗಲ್ಲು, ಚಾಣದ ಗುರುತಿರೋ ಒರಟು ಚಪ್ಪಡಿ ಇವತ್ತು ಕೊಳ್ಳೋಕೆ ಹೋದ್ರೆ ಸುಲಭಕ್ಕೆ ಸಿಗಲ್ಲ, ಪಾಲಿಶ್ ಗ್ರಾನೈಟ್ ತಂದು ಹಾಕಿದ್ರೆ ಮಳೇಲಿ ಅದರ ಮೇಲೆ ನಿಲ್ಲೋಕೇ ಆಗಲ್ಲ. ಅಲ್ಲಾಡೋ ಕಲ್ಲು ಎತ್ತಿ ಅದೇ ಜಾಗದಲ್ಲಿ ಸರಿಯಾಗಿ ಕೂರ್ಸಿ, ಟೆಂಡರ್ ಕಾಗದದಲ್ಲೇ ಸಂದಿಗೆ ಸಿಮೆಂಟ್ ಹಾಕಬಾರದು ಅಂತ ಬರೀರಿ. ನಗರದ ಪಾರ್ಕುಗಳಿಗೆಲ್ಲ ಸೇರಿ ಕಸುಬು ಗೊತ್ತಿರೋ ಕಲ್ಲು ಕೆಲಸದವರ ಒಂದು ಸಣ್ಣ ತಂಡ ಇದ್ರೆ ಸಾಕು, ಯುಗಾದಿ ಕಳೆದ ಮೇಲೆ ಒಂದು ಸುತ್ತು, ದಸರಾಗೆ ಮುಂಚೆ ಇನ್ನೊಂದು ಸುತ್ತು. ಅವರಿಗೆ ದಿನಗೂಲಿ ಅಂತ ಕೈಗೆ ಬಂದಷ್ಟು ಕೊಟ್ಟು ಕಳಿಸ್ಬೇಡಿ, ಖಾಯಂ ಕೆಲಸ ಕೊಡಿ, ಕೈಕೆಳಗೆ ಕಲಿಯೋಕೆ ಹುಡುಗರನ್ನ ಬಿಡಿ, ಈ ಕಸುಬು ಗೊತ್ತಿರೋ ಕೈಗಳು ಕಮ್ಮಿ ಆಗ್ತಿವೆ. ಎಲೆ ಗುಡಿಸೋದು, ಚರಂಡಿ ಕೆರೆಯೋದು ಬೆಳಗ್ಗೆ ವಾಕಿಂಗ್ ಬರೋ ನಾವೇ ಮಾಡ್ತೀವಿ, ಸನಿಕೆ, ಮಂಕರಿನೂ ನಾವೇ ತರ್ತೀವಿ.

ಎಸ್ಟಿಮೇಟ್‌ಗೆ ಸಹಿ ಬೀಳೋ ಮುಂಚೆ ಸಂಬಂಧಪಟ್ಟ ಇಂಜಿನಿಯರ್ ಒಂದು ಸಲ ಮಳೆ ಬರುವಾಗಲೇ ನಮ್ಮ ಪಾರ್ಕಿಗೆ ಬರಲಿ, ನೀರು ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಜೊತೆಗೆ ನಡೆದು ತೋರಿಸೋಕೆ ನಾವು ಛತ್ರಿ ಹಿಡ್ಕೊಂಡು ಬರ್ತೀವಿ.

ಇಂತಿ,
ಬಡಾವಣೆಯ ನಿವಾಸಿ, ಮೈಸೂರು