ಕ್ರಯಪತ್ರದ ಹೆಬ್ಬೆಟ್ಟಿಗೆ ಕಾವಲು ಯಾರದು?

ಸಂಪಾದಕರಿಗೆ,

ಮಾನ್ಯರೇ,

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದ ಮೇಲೆ ನಡೆದಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಮೊಬೈಲ್ ಆ್ಯಪ್‌ಗಳು, ಸಾಮಾಜಿಕ ಜಾಲತಾಣಗಳು ಮತ್ತು ದೊಡ್ಡ ಕಂಪನಿಗಳಿಗೆ ಸೀಮಿತವಾಗಿದೆ. ತಾಲ್ಲೂಕು ಕೇಂದ್ರವೊಂದರ ಉಪನೋಂದಣಿ ಕಚೇರಿಯ ಎದುರು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದುಕೊಟ್ಟು ಜೀವನ ನಡೆಸುವವನು ನಾನು. ನಮ್ಮ ಮೇಜಿನ ಮೇಲೆ ದಿನವೂ ಹಾದುಹೋಗುವ ಕಾಗದಗಳ ಕಡೆಯಿಂದ ಈ ಕಾಯ್ದೆಯನ್ನು ಓದಿದಾಗ ಕಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಒಂದು ಕ್ರಯಪತ್ರದಲ್ಲಿ ಏನೆಲ್ಲ ಇರುತ್ತದೆ ನೋಡಿ. ಮಾರುವವರ ಮತ್ತು ಕೊಳ್ಳುವವರ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ವಾಸದ ವಿಳಾಸ, ಸ್ವತ್ತಿನ ಚಕ್ಕುಬಂದಿ, ಹಣ ಸಂದಾಯವಾದ ಚೆಕ್ಕಿನ ವಿವರ, ಸಾಕ್ಷಿದಾರರ ಸಹಿ ಇವೆಲ್ಲ ಇರುತ್ತವೆ. ಇವುಗಳ ಜೊತೆಗೆ ನೋಂದಣಿ ಕಾಯ್ದೆಯ 32ಎ ಕಲಮಿನಂತೆ ಭಾವಚಿತ್ರ ಮತ್ತು ಬೆರಳಚ್ಚು. ಹಿಂದಿನ ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆಯ ಹನ್ನೆರಡೂ ಅಂಕಿಗಳು ಹಾಗೆಯೇ ಇವೆ. 1908ರ ಅದೇ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ನೋಂದಣಿ ಪುಸ್ತಕ ಯಾರು ಬೇಕಾದರೂ ಶುಲ್ಕ ಕಟ್ಟಿ ನೋಡಬಹುದಾದ, ದೃಢೀಕೃತ ನಕಲು ಪಡೆಯಬಹುದಾದ ದಾಖಲೆ. ಇದು ಹೀಗೆ ತೆರೆದಿರುವುದೇ ಸರಿ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವವರು, ಅಡಮಾನದಲ್ಲಿರುವ ಜಮೀನನ್ನು ನಿರಾಳವೆಂದು ಹೇಳಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಯಾರು, ಯಾರಿಗೆ, ಏನನ್ನು, ಎಷ್ಟಕ್ಕೆ ಮಾರಿದರು ಎಂಬುದು ಲೋಕಕ್ಕೆ ತಿಳಿಯಬೇಕಾದರೆ ಮಾರಿದವರ ಹೆಬ್ಬೆಟ್ಟಿನ ಗೆರೆಗಳೂ ಲೋಕಕ್ಕೆ ಕಾಣಲೇಬೇಕೆಂದೇನೂ ಇಲ್ಲ.

ಈ ವ್ಯತ್ಯಾಸವನ್ನು ಗಮನಿಸದೆ ಹೋದದ್ದರ ಫಲವನ್ನು ಬೆಂಗಳೂರು 2023ರಲ್ಲಿ ಉಂಡಿತು. ಮನೆ, ನಿವೇಶನ ನೋಂದಾಯಿಸಿಕೊಂಡ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ಅರಿವಿಲ್ಲದೆಯೇ ಹಣ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಪತ್ರಗಳ ಪ್ರತಿ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನ ನಕಲು ತಯಾರಿಸಿ, ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿದೆ ಎಂದು ಪೊಲೀಸರು ಆಗ ತಿಳಿಸಿದ್ದರು. ಈ ವ್ಯವಸ್ಥೆಯಲ್ಲಿ ಎಟಿಎಂ ಕಾರ್ಡೂ ಬೇಡ, ಒಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳು ಇದ್ದರೆ ಸಾಕು. ಹತ್ತು ಸಾವಿರ ರೂಪಾಯಿ ಕಡಿತವಾಗಿದೆ ಎಂಬ ಸಂದೇಶ ಮೊಬೈಲಿಗೆ ಬಂದ ಮೇಲೆಯೇ ತಮ್ಮ ಖಾತೆಗೆ ಇಂಥದೊಂದು ಬಾಗಿಲು ಇತ್ತೆಂದು ತಿಳಿದವರು ಬಹಳ ಮಂದಿ. ಆಮೇಲೆ ನೋಂದಣಿ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಅದಕ್ಕೂ ಮೊದಲೇ ಇಳಿಸಿಕೊಂಡ, ಜೆರಾಕ್ಸ್ ಆಗಿ ಊರೂರು ಸೇರಿದ ಪ್ರತಿಗಳನ್ನು ಹಿಂದಕ್ಕೆ ಕರೆಯಲು ಯಾವ ಇಲಾಖೆಯಿಂದಲೂ ಆಗದು.

ಇನ್ನು ಹೊಸ ಕಾಯ್ದೆ ಇಂಥ ಸಂದರ್ಭದಲ್ಲಿ ನೆರವಿಗೆ ಬರುತ್ತದೆಯೇ ಎಂದು ಹುಡುಕಿದರೆ 3ನೇ ಕಲಮು ಅಡ್ಡ ನಿಲ್ಲುತ್ತದೆ. ಕಾನೂನಿನ ಕಟ್ಟಳೆಯಂತೆ ಸಾರ್ವಜನಿಕಗೊಳಿಸಲಾದ ವೈಯಕ್ತಿಕ ದತ್ತಾಂಶಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದು ಹೇಳುತ್ತದೆ. ನೋಂದಣಿ ಪುಸ್ತಕವನ್ನು ಇಡಿಯಾಗಿ ಸಾರ್ವಜನಿಕ ದಾಖಲೆ ಎಂದು ಅರ್ಥೈಸಿದರೆ ಅದರೊಳಗಿನ ಹೆಬ್ಬೆಟ್ಟು ಕಾಯ್ದೆಯ ಹೊರಗೇ ಉಳಿದುಬಿಡುತ್ತದೆ. ಒಂದು ವೇಳೆ ಒಳಗೆ ಬಂದಿತೆಂದೇ ಇಟ್ಟುಕೊಂಡರೂ, ದತ್ತಾಂಶವನ್ನು ಭದ್ರವಾಗಿ ಕಾಯಬೇಕಾದ, ಸೋರಿಕೆಯಾದರೆ ಸಂಬಂಧಪಟ್ಟವರಿಗೆ ತಿಳಿಸಬೇಕಾದ ಹೊಣೆಯ ಕಲಮುಗಳು ಜಾರಿಗೆ ಬರಲು ನಿಯಮಗಳ ಪ್ರಕಟಣೆಯಿಂದ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಅಂದರೆ 2027ರ ಮೇ ತಿಂಗಳವರೆಗೆ.

ವಿಚಿತ್ರವೆಂದರೆ, ಒಂದು ದಿನವೂ ಕಾಯದೆ ಜಾರಿಗೆ ಬಂದ ಕಲಮೂ ಇದೇ ಕಾಯ್ದೆಯಲ್ಲಿದೆ. 44(3)ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನದಲ್ಲಿ ಅನಗತ್ಯವಾಗಿ ಕೈಯಾಡಿಸುವಂಥ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದು, ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಅದನ್ನೂ ಕೊಡಬೇಕು, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ ಎಂಬುದಾಗಿ ಹಿಂದೆ ಅಲ್ಲಿ ಇತ್ತು. ಈಗ ಉಳಿದಿರುವುದು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬಹುದು ಎಂಬಷ್ಟೇ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲೂ ಹೆಸರುಗಳಿವೆ, ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲೂ ಹೆಸರುಗಳಿವೆ, ಅಧಿಕಾರಿಯ ಆಸ್ತಿ ವಿವರದಲ್ಲೂ ಹೆಸರಿದೆ. ಕೊಡಲು ಮನಸ್ಸಿಲ್ಲದ ಮಾಹಿತಿ ಅಧಿಕಾರಿಗೆ ಇನ್ನೇನು ಬೇಕು? 8(2)ನೇ ಕಲಮಿನಡಿ ಸಾರ್ವಜನಿಕ ಹಿತ ಪರಿಗಣಿಸಲು ಈಗಲೂ ಅವಕಾಶವಿದೆಯೆಂದು ಸರ್ಕಾರ ಸಮರ್ಥಿಸಿಕೊಂಡಿದೆ, ಅದು ಸುಳ್ಳಲ್ಲ. ಆದರೆ ಅಲ್ಲಿರುವುದು ‘ಕೊಡಬಹುದು’ ಎಂಬ ಸಡಿಲ ಮಾತು. ಅದನ್ನು ನಂಬಿ ಮೇಲ್ಮನವಿ, ಮಾಹಿತಿ ಆಯೋಗ ಎಂದು ಅಲೆಯುವ ಕಷ್ಟ ಅರ್ಜಿದಾರನದು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು, ಅಂದರೆ ಪ್ರಜೆಯಿಂದ ಬೆರಳಚ್ಚು ಪಡೆಯುವ ಪ್ರಭುತ್ವವನ್ನು. ಖಾಸಗಿತನಕ್ಕೆ ಮಿತಿ ಹಾಕುವುದಾದರೆ ಅದಕ್ಕೊಂದು ಕಾನೂನು, ಒಂದು ನ್ಯಾಯಯುತ ಉದ್ದೇಶ ಮತ್ತು ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಇರಬೇಕೆಂದು ಆ ತೀರ್ಪು ಹೇಳಿತು. ತೂಗಿ ನೋಡುವ ಆ ಕ್ರಮವೇ ಹಳೆಯ 8(1)(ಜೆ)ಯಲ್ಲಿತ್ತು. ತೀರ್ಪಿನ ಹೆಸರು ಹೇಳಿಕೊಂಡೇ ಬಂದ ಕಾಯ್ದೆ ಆ ತಕ್ಕಡಿಯನ್ನು ತೆಗೆದುಹಾಕಿದ್ದು ನನಗಂತೂ ಅರ್ಥವಾಗದ ಸಂಗತಿ.

ಕಾಯ್ದೆಯಲ್ಲಿ ಒಳ್ಳೆಯ ಅಂಶಗಳಿಲ್ಲ ಎನ್ನಲಾರೆ. ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕು, ತಪ್ಪಿತಸ್ಥ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು ಎಂದಿದೆ. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ಹಣ ಕಳೆದುಕೊಂಡವನಿಗೆ ಪರಿಹಾರ ಕೊಡಿಸುವ ಅವಕಾಶ ಈ ಕಾಯ್ದೆಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಮಿನಡಿ ಕಂಪನಿಗಳಿಂದ ಪರಿಹಾರ ಕೇಳಲು ಇದ್ದ ದಾರಿಯೂ ಅದೇ ಹದಿನೆಂಟು ತಿಂಗಳ ಗಡುವಿನ ಬಳಿಕ ಮುಚ್ಚಲಿದೆ. ಮೇಲಾಗಿ, ಕ್ಷುಲ್ಲಕ ದೂರು ಕೊಟ್ಟನೆಂದು, ದೂರು ವಿಚಾರಿಸುವ ದತ್ತಾಂಶ ಸಂರಕ್ಷಣಾ ಮಂಡಳಿಗೆ ಅನಿಸಿದರೆ ದೂರುದಾರನಿಗೇ ಹತ್ತು ಸಾವಿರದವರೆಗೆ ದಂಡ.

ಮಾಹಿತಿ ಹಕ್ಕು ಕಾಯ್ದೆಯ ಹಳೆಯ ಕಲಮನ್ನು ಸಂಸತ್ತು ಮರಳಿ ತರಬೇಕು, ಸಂತ್ರಸ್ತರಿಗೆ ಪರಿಹಾರದ ಹಕ್ಕನ್ನು ಸೇರಿಸಬೇಕು. ಅದಕ್ಕೆ ಕಾಯದೆ ರಾಜ್ಯ ಸರ್ಕಾರ ಇಂದೇ ಮಾಡಬಹುದಾದ ಕೆಲಸವೂ ಇದೆ. ಆಧಾರ್ ಮತ್ತು ಬೆರಳಚ್ಚುಗಳಿರುವ ಹಳೆಯ ಪತ್ರಗಳ ನಕಲು ಕೊಡುವಾಗಲೂ ಅವೆರಡನ್ನು ಕಡ್ಡಾಯವಾಗಿ ಮರೆಮಾಡುವಂತೆ ಸ್ಪಷ್ಟ ನಿಯಮ ಮಾಡಲಿ, ಪೂರ್ಣ ಪ್ರತಿ ಪಕ್ಷಗಾರರಿಗೆ ಮತ್ತು ನ್ಯಾಯಾಲಯಕ್ಕೆ ಮಾತ್ರ ಸಿಗಲಿ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದು ಹೇಗೆಂಬ ಸೂಚನೆಯನ್ನು ಪ್ರತಿ ಉಪನೋಂದಣಿ ಕಚೇರಿಯ ಬೆರಳಚ್ಚು ಯಂತ್ರದ ಪಕ್ಕದಲ್ಲೇ, ದಪ್ಪ ಕನ್ನಡ ಅಕ್ಷರಗಳಲ್ಲಿ ಅಂಟಿಸಲಿ.

– ಓರ್ವ ಪತ್ರ ಬರಹಗಾರ, ತಿಪಟೂರು