ಎರಡು ಕ್ರೆಡಿಟ್ ಕ್ಲಾಸಿನ ಮೇಡಂಗೆ

ನ್ಯೂಯಾರ್ಕಿನಲ್ಲಿ ವಕೀಲನಾಗಲು ಬರೆಯುವ ಬಾರ್ ಪರೀಕ್ಷೆ ಪಾಸಾಯಿತು, ಎರಡನೇ ಸಲಕ್ಕೆ. ಅವ್ವ ಆಗಲೇ ಓಣಿಗೆಲ್ಲ ಹೇಳಿ ಬಂದಿದ್ದಾಳೆ. ಫೋನ್ ಮಾಡಿದ ಎಲ್ಲರ ಹತ್ತಿರ ಮಾತಾಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನನ್ನ ಲೀಗಲ್ ರೈಟಿಂಗ್ ಮೇಡಂಗೆ. ಅಲ್ಲಿ ಎಲ್‌ಎಲ್‌ಎಂ ಅನ್ನೋ ಕಾನೂನಿನ ಸ್ನಾತಕೋತ್ತರ ಪದವಿ ಮಾಡಿ ಅದರ ಬಲದ ಮೇಲೆ ಬಾರ್ ಪರೀಕ್ಷೆ ಬರೆಯುವ ಹೊರದೇಶದ ವಕೀಲರಿಗೆ 24 ಕ್ರೆಡಿಟ್ ಬೇಕು, ಅದರಲ್ಲಿ ಕನಿಷ್ಠ 2 ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ. ಎರಡೇ ಅಲ್ವಾ, ದಾವಣಗೆರೆ ಕೋರ್ಟಿನಲ್ಲಿ ಆರು ವರ್ಷ ದಾವೆ, ತಕರಾರು ಬರೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ.

ಕ್ಲಾಸಿನಲ್ಲಿ ಬ್ರೆಜಿಲ್, ಜಪಾನ್, ಕೊರಿಯಾದವರಿದ್ದರು. ಅವರು ಕೋಡ್, ಅಂದರೆ ಬರೆದಿಟ್ಟ ಕಾನೂನು ಸಂಹಿತೆ, ಓದಿ ಬೆಳೆದವರು, ಹಳೇ ತೀರ್ಪು ಹುಡುಕಿ ಅದರ ಮೇಲೆ ವಾದ ಕಟ್ಟುವುದು ಅವರಿಗೆ ಅಷ್ಟು ರೂಢಿಯಿಲ್ಲ. ನಾನೋ ಎಐಆರ್, ಐಎಲ್‌ಆರ್ ಅನ್ನೋ ತೀರ್ಪುಗಳ ಸಂಪುಟ ತಿರುವಿ ಹಾಕಿದವನು, ಒಳಗೊಳಗೇ ಜಂಬ. ಅದು ಮೊದಲ ಮೆಮೊಗೇ, ಅಂದರೆ ಒಂದು ಕಾನೂನು ಪ್ರಶ್ನೆಗೆ ಉತ್ತರ ಹುಡುಕಿ ಬರೆಯುವ ಟಿಪ್ಪಣಿಗೇ, ಇಳಿಯಿತು. ನ್ಯೂಯಾರ್ಕ್ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಿಕ್ಕಿತ್ತು. ನಮ್ಮಲ್ಲಿ ಸಂವಿಧಾನದ 141ನೇ ವಿಧಿ ಇದೆಯಲ್ಲ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮುಗಿಯಿತು, ಅದೇ ಲೆಕ್ಕದಲ್ಲಿ ಇಡೀ ಮೆಮೊ ಅದರ ಮೇಲೇ ನಿಲ್ಲಿಸಿದೆ. ಆದರೆ ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟ್ ಅಂದರೆ ಕೆಳಗಿನ ವಿಚಾರಣಾ ಕೋರ್ಟು! ರಾಜ್ಯದ ಕೊನೆಯ ಕೋರ್ಟಿನ ಹೆಸರು ಕೋರ್ಟ್ ಆಫ್ ಅಪೀಲ್ಸ್. ಮೇಡಂ ನಗಲಿಲ್ಲ, ಬೈಯಲಿಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದರು, ‘ಈ ಕೋರ್ಟಿನ ಮೇಲೆ ಯಾರಿದ್ದಾರೆ?’ ಅಷ್ಟೇ.

ಇನ್ನೊಂದು ಚಾಳಿ, ಹಳೇ ಫೈಲ್ ತೆಗೆದು ಹೆಸರು ಬದಲಿಸುವುದು, ತೀರ್ಪಿನ ಎರಡು ಪುಟ ಹಾಗೇ ಎತ್ತಿ ಹಾಕುವುದು. ನಾವೆಲ್ಲ ಮಾಡಿದ್ದೇವೆ, ಸುಮ್ನೆ ಯಾಕೆ ಸುಳ್ಳು. ಅಲ್ಲಿ ಎಲ್ಲಿಂದ ತಂದದ್ದು ಅಂತ ಹೇಳದಿದ್ದರೆ ಅದು ಕಳ್ಳತನ. ಮೆಮೊದಲ್ಲಿ ಮೊದಲು ಪ್ರಶ್ನೆ, ಅದರ ಕೆಳಗೇ ಚುಟುಕು ಉತ್ತರ, ಆಮೇಲೆ ಉಳಿದದ್ದು. ‘ಸದರಿ’ ಅಂತ ಶುರು ಮಾಡಿ ಮೂರನೇ ಪುಟದಲ್ಲಿ ವಿಷಯಕ್ಕೆ ಬರುತ್ತಿದ್ದ ನನ್ನನ್ನು ಅವರು ನಾಲ್ಕು ಸಲ ವಾಪಸ್ ಕಳಿಸಿದರು.

ಆದರೂ ಜುಲೈನಲ್ಲಿ ಫೇಲಾದೆ. 266 ಬೇಕಿತ್ತು, ಬಂದದ್ದು 259. ಕೈಕೊಟ್ಟದ್ದು ಬರವಣಿಗೆಯೇ. 90 ನಿಮಿಷದ ಎರಡು ಕೆಲಸ ಕೊಡುತ್ತಾರೆ, ಫೈಲೂ ಅವರದೇ, ಕಾನೂನೂ ಅವರದೇ, ಅಷ್ಟರಲ್ಲೇ ಬರೆಯಬೇಕು. ಒಟ್ಟು ಅಂಕದ 20 ಪರ್ಸೆಂಟ್ ಇದಕ್ಕೆ. ನಾನು ಓದುವುದರಲ್ಲೇ ಒಂದು ಗಂಟೆ ಕಳೆದಿದ್ದೆ. ಊರಿಗೆ ಬಂದು ತಿಂಗಳುಗಟ್ಟಲೆ ಕೋರ್ಟಿನ ಕಡೆ ತಲೆ ಹಾಕಲಿಲ್ಲ.

ಕೋರ್ಸ್ ಮುಗಿದಿತ್ತು, ಮೇಡಂಗೆ ನನ್ನ ಹಂಗೇನೂ ಇರಲಿಲ್ಲ. ಆದರೂ ಚಳಿಗಾಲವಿಡೀ ವಾರಕ್ಕೆರಡು ದಿನ, ಅವರ ರಾತ್ರಿ ಎಂಟಕ್ಕೆ, ನಮ್ಮ ಬೆಳಿಗ್ಗೆ ಆರೂವರೆಗೆ, ವಿಡಿಯೊದಲ್ಲಿ ಕೂತು ನನ್ನ ಉತ್ತರ ತಿದ್ದಿದರು. ನಲವತ್ತೈದನೇ ನಿಮಿಷಕ್ಕೆ ಓದು ನಿಲ್ಲಲೇಬೇಕು ಅನ್ನೋದು ಅವರ ಹಟ.

ಆಫೀಸಿನ ಕೀಲಿ ಕೊಟ್ಟ ಸೀನಿಯರ್ ಸಾರ್‌ಗೆ, ಮೊಬೈಲಿನಲ್ಲಿ ಟೈಮ್ ಹಿಡಿದು ‘ಸಾಕು, ಓದಬೇಡಿ’ ಅಂತ ಕೂಗುತ್ತಿದ್ದ ಟೈಪಿಂಗ್ ಅಂಗಡಿಯ ಅಣ್ಣನಿಗೆ, ರಿಸಲ್ಟ್ ಬಗ್ಗೆ ಒಂದು ಮಾತೂ ಎತ್ತದೆ ಬೆಣ್ಣೆ ದೋಸೆಗೆ ಕರೆದೊಯ್ದ ಗೆಳೆಯರಿಗೆ, ಎಲ್ಲರಿಗೂ ನಾನು ಋಣಿ.

ಮೇಡಂಗೆ ಕನ್ನಡ ಬರುವುದಿಲ್ಲ. ಅವರಿಗೆ ಇಂಗ್ಲಿಷಿನಲ್ಲಿ ಬೇರೆ ಪತ್ರ ಹಾಕಿದ್ದೇನೆ. ಅರ್ಧ ಪುಟ, ಉತ್ತರ ಮೊದಲ ಸಾಲಿನಲ್ಲೇ ಇದೆ.