ಕುದುರೆ ವಾಂತಿ ಮಾಡಲ್ಲ ಸ್ವಾಮಿ

ಚಾಮರಾಜಪೇಟೆ, ಬೆಂಗಳೂರು
ಭಾನುವಾರ

ಪ್ರೀತಿಯ ತಮ್ಮ,

ನಿನ್ನ ಕತೆ, ಜೊತೆಗಿದ್ದ ಪತ್ರ ಎರಡೂ ಓದಿದೆ. ಪತ್ರ ಓದಿ ಸಿಟ್ಟು ಬಂತು. ರಾಗಿ ಬೆಳೀತೀನಿ, ಪಂಪ್‌ಸೆಟ್ ರಿಪೇರಿ ಮಾಡ್ತೀನಿ, ಊರಿನ ನಾಟಕಕ್ಕೆ ಹಾರ್ಮೋನಿಯಂ ನುಡಿಸ್ತೀನಿ, ಒಂದರಲ್ಲೂ ನಿಲ್ಲದ ನಾನು ಬರಹಗಾರ ಆಗ್ತೀನಾ ಅಂತ ಕೇಳಿದ್ದೀಯ. ಅದಕ್ಕೆಲ್ಲ ಯಾರಾದರೂ ಕ್ಷಮೆ ಕೇಳ್ತಾರೇನೋ? ಪ್ರಕಾಶಕರು, ಕಾಗುಣಿತ, ಎಷ್ಟು ಪುಟ ಇರಬೇಕು ಅನ್ನೋದನ್ನೆಲ್ಲ ಬೇರೆಯವರನ್ನು ಕೇಳು. ನನಗೆ ಹೇಳೋಕೆ ಇರೋದು ಒಂದೇ, ಅದೂ ಕುದುರೆ ವಿಷಯ.

ನಾಲ್ಕನೇ ಪುಟದಲ್ಲಿ ನಿಮ್ಮಪ್ಪ ಲಾಯದೊಳಗೆ ಬರುತ್ತಾರೆ. ಬರುವ ಮೊದಲೇ ಕುದುರೆಯನ್ನು ಮಾತಾಡಿಸುತ್ತಾರೆ, ಯಾಕೆಂದರೆ ನೇರ ಹಿಂದೆ ನಿಂತವರು ಅದಕ್ಕೆ ಕಾಣಿಸಲ್ಲ. ಹೆಗಲ ಮೇಲೆ ಕೈ ಇಟ್ಟು, ಕಾಲುದ್ದಕ್ಕೂ ಸವರಿಕೊಂಡು ಇಳಿದು, ಗೊರಸಿಗೆ ಸ್ವಲ್ಪ ಮೇಲೆ ಮೆಲ್ಲಗೆ ಹಿಸುಕುತ್ತಾರೆ. ಕುದುರೆ ಭಾರವನ್ನು ಉಳಿದ ಮೂರು ಕಾಲಿಗೆ ಹಾಕಿ ತಾನೇ ಕಾಲೆತ್ತಿ ಕೊಡುತ್ತದೆ. ಅಬ್ಬಾ! ಎಪ್ಪತ್ತು ಕಿಲೋಮೀಟರ್ ಆಚೆಯ ಕುಣಿಗಲ್ ಫಾರಂನ ಹುಲ್ಲಿನ ವಾಸನೆ ನನ್ನ ಮೇಜಿಗೆ ಬಂತು. ಟಿಪ್ಪು ಕಾಲದಿಂದ ಅಲ್ಲಿ ಕುದುರೆ ಸಾಕುತ್ತಿದ್ದಾರೆ. ಇಲ್ಲಿ ರೇಸ್ ಕೋರ್ಸ್‌ನಲ್ಲಿ ಗೆದ್ದ ಕುದುರೆಯ ಹೆಸರು ಪೇಪರಲ್ಲಿ ನೋಡಿದ್ದೇನೆ, ಅದರ ಗೊರಸು ಹಿಡಿದವರ ಹೆಸರು ನೋಡಿಲ್ಲ.

ಒಂಬತ್ತನೇ ಪುಟಕ್ಕೆ ಬಂದರೆ ಅದೇ ಕುದುರೆಗೆ ಕೆಂಡದ ಕಣ್ಣು, ಬಿರುಗಾಳಿಯಂಥ ಜೂಲು. ಇದೆಲ್ಲಿತ್ತೋ? ಗೆಳೆಯರು ಆ ಪುಟವನ್ನೇ ಹೊಗಳಿದರು ಅಂತ ಬೇರೆ ಬರೆದಿದ್ದೀಯ. ಹೊಗಳುತ್ತಾರೆ. ನನ್ನನ್ನೂ ಹೊಗಳಿದ್ದರು.

ನನ್ನ ಮೊದಲ ಸಂಕಲನದಲ್ಲಿ ಒಂದು ಜಟಕಾ ಕುದುರೆ ಹೊಟ್ಟೆನೋವಿನಿಂದ ಹೊರಳಾಡಿ, ವಾಂತಿ ಮಾಡಿ ಸಾಯುತ್ತದೆ. ಅದಕ್ಕೆ ಬಹುಮಾನವೂ ಬಂತು. ದೊಡ್ಡ ವಿಮರ್ಶಕರೊಬ್ಬರು ವೇದಿಕೆ ಮೇಲೆ ಆ ವಾಂತಿಯ ಸಾಲುಗಳನ್ನೇ ಓದಿ ಗಂಟಲು ಕಟ್ಟಿಸಿಕೊಂಡರು. ನಾನು ಶಾಲು ಹೊದ್ದುಕೊಂಡೇ ಹೊರಗೆ ಬಂದು ಸಿಟಿ ಮಾರ್ಕೆಟ್ ಹತ್ತಿರ ಜಟಕಾ ಹತ್ತಿದೆ. ಜಂಬ ತಡೆಯಲಾಗದೆ ಗಾಡಿ ಹೊಡೆಯುತ್ತಿದ್ದ ಸಾಬರಿಗೆ ಕತೆ ಹೇಳಿದೆ. ಅವರು ತಿರುಗಿಯೂ ನೋಡಲಿಲ್ಲ. "ಕುದುರೆ ವಾಂತಿ ಮಾಡಲ್ಲ ಸ್ವಾಮಿ. ಒಳಗೆ ಹೋದದ್ದು ಮೇಲಕ್ಕೆ ಬರಲ್ಲ ಅದಕ್ಕೆ. ಅದರ ಹೊಟ್ಟೆ ನೋವು ಅಂದರೆ ನಮ್ಮ ಜೀವ ಹೋಗೋದು ಅದಕ್ಕೇ" ಅಂದರು.

ಅವರ ಮಾತೇ ನನ್ನ ಕತೆಗಿಂತ ಚೆನ್ನಾಗಿತ್ತು, ಅಲ್ವಾ? ಎರಡನೇ ಮುದ್ರಣದಲ್ಲಿ ಆ ಸಾಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ಎಲ್ಲರೂ ಮೆಚ್ಚಿದ ಸಾಲು. ಈಗಲೂ ಹಾಗೇ ಅಚ್ಚಾಗುತ್ತಿದೆ. ಆ ವಿಮರ್ಶಕರ ಮೇಲೆ ನನಗೆ ಇವತ್ತಿಗೂ ಕೋಪ. ಅವರದೇನು ತಪ್ಪು ಅಂತ ಮಾತ್ರ ಕೇಳಬೇಡ.

ನೀನು ಪಂಪ್ ಬಿಚ್ಚಿ ಜೋಡಿಸಿದವನು. ವಾಷರ್ ಸವೆದಿದ್ದರೆ ಯಾರು ಹೊಗಳಿದರೂ ಅದು ನೀರೆತ್ತಲ್ಲ. ಸುಮ್ನೆ ಕತೆಯನ್ನು ಅಪ್ಪನಿಗೆ ಓದಿ ಹೇಳು. ಅವರು ನಕ್ಕ ಕಡೆಯೆಲ್ಲ ಗೆರೆ ಎಳೆ. ಒಂಬತ್ತನೇ ಪುಟವನ್ನಂತೂ ಓದುವ ಮೊದಲೇ ಹರಿದುಹಾಕು.

ಹಾಂ, ನಾಲ್ಕನೇ ಪುಟದ ಕೊನೆಗೆ ಆ ಹೆಣ್ಣುಕುದುರೆ ಒಂದೇ ಕಿವಿಯನ್ನು ಹಿಂದಕ್ಕೆ ತಿರುಗಿಸಿತು ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀಯ. ಹಿಂದೆ ಯಾರು ಬಂದರು? ಬರೆದು ಕಳಿಸು. ಮನೆಯಲ್ಲಿ ಹುರುಳಿ ಜಾಸ್ತಿ ಇದ್ದರೆ ಒಂದು ಸೇರು ಅದೂ ಬರಲಿ, ಸಾರಿಗಾಗುತ್ತದೆ.

ನಿನ್ನ ಅಣ್ಣ